ಕತ್ತೆಗೆ ಹನ್ನೊಂದು ಮುಖ

"ಅಯ್ಯೋ, ಎರಡೂ ಕಿವಿ ಕಿತ್ಕೊಂಡ್ಬಿಡ್ತು ನೋಡೇ!" ಎಂದು ಡಬ್ಬಿ ಎಂಬ ಅಡ್ಡಹೆಸರಿನ ಹುಡುಗಿ ಪಕ್ಕದಲ್ಲಿ ಕೂತಿದ್ದ ಗೆಳತಿ ಪಿಟೀಲಿನ ತೊಡೆಗೆ ಗುದ್ದಿದಳು.

ಪರದೆಯ ಮೇಲಿನ ಕತ್ತೆ ಬಕೆಟ್ಟಿನೊಳಗೆ ಕೂತು, ಕಿವಿಗಳನ್ನೇ ದೋಣಿಯ ಹುಟ್ಟು ಮಾಡಿಕೊಂಡು ಸಮುದ್ರ ದಾಟುತ್ತಿತ್ತು. ಸುಮಾರು ನೂರು ವರ್ಷ ಹಳೆಯ ಕಾರ್ಟೂನು. ಬಣ್ಣವಿಲ್ಲ, ಮಾತಿಲ್ಲ, ಸದ್ದಿಲ್ಲ. ಸದ್ದನ್ನೆಲ್ಲ ಐದನೇ ಕ್ಲಾಸಿನ ಮಕ್ಕಳೇ ಹಾಕುತ್ತಿದ್ದರು. ನೀರಿಗೆ 'ಸಳಕ್ ಪಳಕ್'. ಕತ್ತೆ ಸೀನಿದಾಗ ಇಡೀ ಕ್ಲಾಸಿಗೇ ನೆಗಡಿ.

ಪಿಟೀಲಿನ ಗಂಟಲು ಎಲ್ಲರಿಗಿಂತ ದೊಡ್ಡದು. ಒಂದು ವಿಷಯ ಹಿಡಿದರೆ ಬಿಡದೆ ಕುಯ್ಯುತ್ತಾಳೆಂದು ಅಕ್ಕ ಇಟ್ಟ ಹೆಸರು ಅದು. ಮನೆಯಿಂದ ಶಾಲೆಗೂ ನಡೆದುಕೊಂಡು ಬಂದಿತ್ತು. ಡಬ್ಬಿ ಅವಳ ಗೆಳತಿ. ಊಟಕ್ಕೆ ದಿನಾ ಎರಡು ಡಬ್ಬಿ ತರುವವಳು.

"ಸರ್, ಮೋಸ! ಇದೇ ಮೋಡ ಮೂರನೇ ಸಲ ಬಂತು!" ಎಂದಳು ಪಿಟೀಲು.

ಡ್ರಾಯಿಂಗ್ ಸರ್ ನಕ್ಕರು. "ಎಲ್ಲಾ ಕೈಯಲ್ಲೇ ಬಿಡಿಸ್ತಿದ್ರಮ್ಮ. ಒಂದು ನಿಮಿಷಕ್ಕೆ ಹತ್ತಿರ ಹತ್ತಿರ ಸಾವಿರ ಚಿತ್ರ. ಮೋಡಾನೂ ಹೊಸದಾಗಿ ಬಿಡಿಸ್ತಾ ಕೂತ್ರೆ ಕೈ ಬಿದ್ದೇ ಹೋಗುತ್ತೆ."

ಕತ್ತೆ ಒಂದು ದ್ವೀಪ ತಲುಪಿತು. ದಡದಲ್ಲಿ ಹತ್ತು ಜನ ಸಾಲಾಗಿ ನಿಂತಿದ್ದರು. ಮಸಿ ಬಳಿದಂತೆ ಕಪ್ಪು. ಸೈಕಲ್ ಟೈರಿನಂಥ ತುಟಿ, ಪಿಳಿಪಿಳಿ ಗುಂಡು ಕಣ್ಣು. ಕತ್ತೆಯನ್ನು ನೋಡಿದ್ದೇ ಹೆದರಿ, ಒಬ್ಬರ ಮೇಲೊಬ್ಬರು ಬಿದ್ದು ಓಡಿದರು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮುಂದಿನ ಬೆಂಚಿನ ಮಾನಿಟರ್ ಹಿಂದೆ ತಿರುಗಿ ಪಿಟೀಲನ್ನು ನೋಡಿದ. ಅವನ ಪಕ್ಕದವನೂ ನೋಡಿದ. ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಕಪ್ಪಗಿದ್ದವಳು ಅವಳೇ. ಅವಳ ನಗು ಅರ್ಧಕ್ಕೇ ನಿಂತಿತು.

"ಏಯ್ ದ್ವೀಪದವಳೇ, ಕತ್ತೆ ಬಂತು ಓಡು!" ಎಂದ ಮಾನಿಟರ್, ಬೆಲ್ ಹೊಡೆದ ಕೂಡಲೇ. ಊಟದ ಹೊತ್ತಿಗೆ ನಾಲ್ಕನೇ ಕ್ಲಾಸಿನ ಚಿಳ್ಳೆಪಿಳ್ಳೆಗಳಿಗೂ ಆ ಹೆಸರು ಬಾಯಿಪಾಠವಾಗಿತ್ತು. ಶುಕ್ರವಾರ ಇದೇ ಕಾರ್ಟೂನನ್ನು ಇಡೀ ಶಾಲೆಗೆ ತೋರಿಸುತ್ತಾರೆಂದು ನೋಟಿಸ್ ಬೋರ್ಡಿನಲ್ಲಿ ಬೇರೆ ಹಾಕಿದ್ದರು. ಅಪ್ಪ ಅಮ್ಮಂದಿರೂ ಬರಬಹುದಂತೆ.

"ಬಿಡೇ, ತಮಾಷೆಗಲ್ವಾ," ಎಂದಳು ಡಬ್ಬಿ.

"ನಿಂಗೆ ತಮಾಷೆ. ಅಂಟ್ಕೊಂಡಿರೋದು ನಂಗೆ. ನೀನೂ ನಕ್ಕೆ."

"ನೀನೂ ನಗ್ತಿದ್ದೆ!"

"ಅದು ಕತ್ತೆಗೆ!" ಎಂದು ಕಿರುಚಿ ಪಿಟೀಲು ಅರ್ಧ ಊಟ ಬಿಟ್ಟು ಎದ್ದಳು. ನೇರ ಡ್ರಾಯಿಂಗ್ ರೂಮಿಗೆ ಹೋದಳು. ಸರ್ ಬ್ರಷ್ ತೊಳೆಯುತ್ತಿದ್ದರು.

"ಸರ್, ಶುಕ್ರವಾರ ಅದನ್ನ ತೋರಿಸ್ಬೇಡಿ." ಯಾಕೆಂದು ಒಂದೇ ಉಸಿರಿನಲ್ಲಿ ಹೇಳಿದಳು.

ಸರ್ ಕೈ ಒರೆಸಿಕೊಂಡರು. "ಆ ಕಾಲಾನೇ ಹಾಗಿತ್ತಮ್ಮ. ಬಿಡಿಸಿದವರು ಸತ್ತೇ ಎಷ್ಟೋ ವರ್ಷ ಆಯ್ತು."

"ನಕ್ಕವರು ಸತ್ತಿಲ್ವಲ್ಲ ಸರ್."

"ಬರೀ ಕಾರ್ಟೂನ್ ಕಣಮ್ಮ ಅದು!"

"ಬರೀ ಕಾರ್ಟೂನ್ ಆದ್ರೆ ಇನ್ನೊಂದ್ಸಲ ಹಾಕಿ. ನಿಲ್ಲಿಸಿ ನಿಲ್ಲಿಸಿ ಹಾಕಿ."

"ಅಬ್ಬಬ್ಬಾ, ನಿಂಗೆ ಪಿಟೀಲು ಅಂತ ಸುಮ್ನೆ ಹೆಸರಿಟ್ಟಿಲ್ಲ," ಎನ್ನುತ್ತಾ ಸರ್ ಲ್ಯಾಪ್‌ಟಾಪ್ ತೆರೆದರು.

ಪಿಟೀಲು ಬೆರಳು ಮಡಿಚುತ್ತಾ ಎಣಿಸಿದಳು. ಕತ್ತೆ ಹೆದರಿದಾಗ ಒಂದು ಮುಖ. ತುಂಟತನ ಹೊಳೆದಾಗ ಇನ್ನೊಂದು. ಸೀನುವ ಮೊದಲು ಒಂದು, ಸೀನಿದ ಮೇಲೆ ನಾಚಿಕೊಂಡದ್ದು ಒಂದು. ಒಟ್ಟು ಹನ್ನೊಂದು.

ದ್ವೀಪ ಬಂತು. "ನಿಲ್ಲಿಸಿ!" ಎಂದಳು. ಮೇಜಿನ ಮೇಲಿದ್ದ ತೆಳು ಟ್ರೇಸಿಂಗ್ ಕಾಗದವನ್ನು ಪರದೆಗೆ ಹಿಡಿದು ಮೊದಲನೆಯವನ ಮುಖವನ್ನು ಪೆನ್ಸಿಲಿನಲ್ಲಿ ಮೆಲ್ಲಗೆ ತಿದ್ದಿದಳು. ಕಾಗದವನ್ನು ಎರಡನೆಯವನ ಮೇಲೆ ಸರಿಸಿದಳು. ಗೆರೆಗೆ ಗೆರೆ ಕೂತಿತು. ಮೂರನೆಯವನಿಗೂ ಕೂತಿತು. ಹತ್ತನೆಯವನವರೆಗೂ.

"ಹತ್ತು ಜನ ಅಲ್ಲ ಸರ್. ಒಂದೇ ಮುಖ."

"ಕೆಲಸ ಉಳಿಸೋಕೆ ಹಾಗೆ ಮಾಡ್ತಾರಮ್ಮ, ಆ ಮೋಡದ ಥರ..." ಎಂದ ಸರ್ ಥಟ್ಟನೆ ನಿಲ್ಲಿಸಿದರು.

"ಮೋಡ ಅಂದ್ರಾ ಸರ್?"

ಸರ್ ಪಿಟೀಲಿನ ಕೈಯಿಂದ ಆ ಕಾಗದ ತೆಗೆದುಕೊಂಡು ತಾವೇ ಹತ್ತೂ ಮುಖಗಳ ಮೇಲೆ ಸರಿಸಿ ನೋಡಿದರು.

"ಚಿಕ್ಕವನಿದ್ದಾಗ ಈ ಕತ್ತೆ ನೋಡೇ ನಾನು ಚಿತ್ರ ಬಿಡಿಸೋಕೆ ಶುರು ಮಾಡಿದ್ದು," ಎಂದರು. "ಎಷ್ಟು ಸಲ ನೋಡಿದ್ದೀನೋ. ಚೆನ್ನಾಗಿಲ್ವಾ ಅದು?"

"ಚೆನ್ನಾಗಿದೆ ಸರ್. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು."

ಸರ್ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಮುಖ ಅರಳಿಸಿಕೊಂಡು, "ಒಂದು ಕೆಲ್ಸ ಮಾಡೋಣ. ಶುಕ್ರವಾರ ಶುರುವಾಗೋ ಮುಂಚೆ ಇದನ್ನೆಲ್ಲ ನೀನೇ ಹೇಳ್ಬಿಡು. ನಿಂಗೆ ಮೈಕ್ ಕೊಡ್ತೀನಿ," ಎಂದರು.

ಪಿಟೀಲಿಗೆ ಮೈಕ್ ಎಂದರೆ ಪ್ರಾಣ. ಆದರೆ ಇಡೀ ಶಾಲೆ ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡುವುದು ಈಗಲೇ ಕಣ್ಣಿಗೆ ಕಟ್ಟಿತು.

"ನಾನ್ಯಾಕೆ ಸರ್? ತೋರಿಸೋರು ನೀವಲ್ವಾ?"

ಸರ್ ಎದ್ದು ಬೋರ್ಡಿನ ಮೇಲೆ 'ಮಕ್ಕಳೇ' ಎಂದು ಬರೆದು, ಒರೆಸಿದರು. 'ನಾನು' ಎಂದು ಬರೆದು, ಅದನ್ನೂ ಒರೆಸಿದರು.

"ಹೇಗೆ ಹೇಳ್ಬೇಕು ಅಂತಾನೇ ತಿಳೀತಿಲ್ಲ ಕಣಮ್ಮ."

ಪಿಟೀಲಿನ ನಾಲಿಗೆಯ ತುದಿಗೆ ನಾಲ್ಕು ವಾಕ್ಯ ಬಂದು ನಿಂತಿದ್ದವು. ಬೇರೆ ದಿನವಾಗಿದ್ದರೆ ನಾಲ್ಕನ್ನೂ ಹೇಳಿ, ಐದನೆಯದನ್ನೂ ಸೇರಿಸುತ್ತಿದ್ದಳು. ಈಗ ನುಂಗಿಕೊಂಡಳು. ಇದು ಸರ್ ಮಾಡಬೇಕಾದ ಹೋಮ್‌ವರ್ಕ್. ಅವಳು ಮಾಡಿಕೊಟ್ಟರೆ ಅದು ಕಾಪಿ.

ಸ್ಟೂಲ್ ಎಳೆದುಕೊಂಡು ಕೂತಳು.

"ಬರೀರಿ ಸರ್," ಎಂದಳು. "ನಾನು ಕಾಯ್ತೀನಿ."