ಒಡ್ಡಿದ ಉಡಿ

ಅಂದಾನಪ್ಪ ಮೊದಲ ಸಲ ಅಮೀನಗಡದ ಕರದಂಟಿನ ಅಂಗಡಿಗೆ ಬಂದದ್ದೇ ಗುರುಲಿಂಗವ್ವನನ್ನು ಅಳಿಸಲಿಕ್ಕೆ. ಎಂಬತ್ಮೂರನೆಯ ಇಸವಿ, ಕೆರೂರಿನ ಸುತ್ತ ದ್ರಾಕ್ಷಿ ತೋಟ ಅಂದರೆ ಜನ ನಿಂತು ನೋಡುವ ಕಾಲ. ಅವನು ಕರದಂಟಿಗೆಂದು ಮಾರಲು ತಂದ ತನ್ನ ತೋಟದ ಒಣದ್ರಾಕ್ಷಿಯ ಗಂಟು ಬಿಚ್ಚಿ, "ರುಚಿ ನೋಡ್ರಿ" ಎಂದ. ಅಂಗಡಿಯ ಯಜಮಾನ ಕಾಶಪ್ಪ ಒಳಗೆ ಪೂಜೆಗೆ ಕೂತಿದ್ದರಿಂದ ಮಗಳು ಗುರುಲಿಂಗವ್ವನೇ ನಾಲ್ಕು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ಬಳಬಳ ನೀರು.

"ಅಷ್ಟು ಚೊಲೋ ಅದಾವೇನ್ರಿ?"

"ಖಾರ ಅದಾವ್ರಿ," ಎಂದಳು ಬಿಕ್ಕುತ್ತ. "ಎದರ ಮ್ಯಾಲೆ ಒಣಗಿಸೀರಿ?"

ಮೆಣಸಿನಕಾಯಿ ಒಣಗಿಸಿದ ತಾಡಪತ್ರಿಯ ಮೇಲೆಯೇ ದ್ರಾಕ್ಷಿ ಹರವಿದ್ದ ಮಹಾನುಭಾವ. ಜಾಡಿಸಿದರೆ ಸಾಕು ಅಂದುಕೊಂಡಿದ್ದನಂತೆ. ಓಡಿಹೋಗಿ ನೀರಿನ ತಂಬಿಗೆ ತಂದುಕೊಟ್ಟಾಗ ಅವನ ಮುಖ ಅವಳ ಮುಖಕ್ಕಿಂತ ಕೆಂಪಾಗಿತ್ತು. ಅದೇ ಅವಳಿಗೆ ಹಿಡಿಸಿತು.

ಮುಂದಿನ ವಾರ ತೊಳೆದ ಬಟ್ಟೆಯ ಮೇಲೆ ಒಣಗಿಸಿದ್ದನ್ನು ತಂದ. ಅದರ ಮುಂದಿನ ವಾರ ತರಲು ಏನೂ ಉಳಿದಿರಲಿಲ್ಲ, ಆದರೂ ಬಂದ.

"ಕರದಂಟು ಬೇಕಾಗಿತ್ರಿ."

"ಹೋದ ವಾರ ಒಯ್ದದ್ದು ತೀರಿತೇನ್ರಿ?"

"ನಮ್ಮ ಎತ್ತಿಗೆ ಭಾಳ ಸೇರ್ತದ್ರಿ."

ಅವಳು ನಗು ತಡೆದುಕೊಂಡು ಕಾಗದದಲ್ಲಿ ಕಟ್ಟಿಕೊಟ್ಟಳು. ದಾರ ಸುತ್ತಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು ಎಂಬುದನ್ನು ಅವನೂ ಗಮನಿಸಿದ.

ಅವ್ವನ ಜೊತೆ ಬನಶಂಕರಿಗೆ ಹೋದ ದಿನ ಅವನು ಅಲ್ಲಿಯೂ ಇದ್ದ, ಅಕಸ್ಮಾತ್ತಾಗಿ ಅಂತೆ. ಅವ್ವ ಗುಡಿ ಸುತ್ತುವಾಗ ಇಬ್ಬರೂ ಹೊಂಡದ ಕಟ್ಟೆಯ ಮೇಲೆ ಕೂತು, ಬುಟ್ಟಿ ಹೊತ್ತು ಬಂದ ಹೆಂಗಸಿನಿಂದ ಜೋಳದ ರೊಟ್ಟಿ, ಕೆಂಪು ಖಾರ, ಗಡಿಗೆಯ ಗಟ್ಟಿ ಮೊಸರು ಕೊಂಡರು. ಅವನು ರೊಟ್ಟಿ ಮುಟ್ಟದೆ ನೀರನ್ನೇ ನೋಡುತ್ತಿದ್ದ.

"ನಿಮ್ಮಪ್ಪಾರ್ನ ಕೇಳ್ಲೇನು?"

ಅವಳು ತನ್ನ ರೊಟ್ಟಿ ಮುರಿದು ಅರ್ಧ ಅವನತ್ತ ಸರಿಸಿದಳು. "ಇಷ್ಟು ತಡಾ ಯಾಕ ಮಾಡಿದ್ರಿ?"

ಕಾಶಪ್ಪ ಒಪ್ಪುವ ದಾರಿಯಲ್ಲೇ ಇದ್ದ. ಆದರೆ ಮುಂದಿನ ಸುಗ್ಗಿಗೆ ಪುಣೆ ಕಡೆಯ ವೈನ್ ಕಂಪನಿಯ ಸಾಹೇಬನೊಬ್ಬ ಜೀಪಿನಲ್ಲಿ ಬಂದ. ಬಾದಾಮಿಯ ಗುಹೆ ನೋಡಿದ, ಅಗಸ್ತ್ಯ ತೀರ್ಥದ ಫೋಟೋ ತೆಗೆದ, ಅಂದಾನಪ್ಪನ ಮನೆಯಲ್ಲಿ ಎಣ್ಣೆಗಾಯಿ ಉಂಡ, ತೋಟದ ಅರ್ಧ ಹಣ್ಣು ತನಗೇ ಬೇಕೆಂದ. ಸುದ್ದಿ ಜೀಪಿಗಿಂತ ಮೊದಲು ಅಮೀನಗಡ ಮುಟ್ಟಿತು. ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕದ ಕಾಶಪ್ಪ ಕೆಂಡವಾದ.

"ಸೆರೆ ಮಾಡಾವ್ರಿಗೆ ಹಣ್ಣು ಕೊಡೂ ಮನಿಗೆ ನನ್ನ ಮಗಳ್ನ ಕೊಡಂಗಿಲ್ಲ. ನಾಳೆ ಹೋಗಿ ಹೇಳಿ ಬರ್ತೇನಿ."

"ನಾನೂ ಬರ್ತೇನಿ," ಎಂದಳು ಗುರುಲಿಂಗವ್ವ. "ಇಲ್ಲ ಅನ್ನೂದನ್ನ ನನ್ನ ಮುಂದ ಅನ್ನು."

ಅಪ್ಪನ ಒಪ್ಪಿಗೆಯಿಲ್ಲದೆ ಹೋಗಲಾರಳು, ಅಂದಾನಪ್ಪನಿಲ್ಲದೆ ಇರಲಾರಳು. ಎರಡೂ ಬೇಕಿತ್ತು. ಎರಡನ್ನೂ ದಕ್ಕಿಸಿಕೊಂಡೇ ಮರಳುವುದೆಂದು ಇಳಕಲ್ ಸೀರೆಯುಟ್ಟು ಬಸ್ಸು ಹತ್ತಿದಳು.

ತೋಟದ ಚಪ್ಪರದ ಕೆಳಗೆ ಗೊಂಚಲು ತಲೆಗೆ ತಾಗುತ್ತಿದ್ದವು. ಅಂದಾನಪ್ಪನ ತಾಯಿ ಸಂಗವ್ವ ಹಿತ್ತಾಳೆ ಲೋಟದಲ್ಲಿ ದ್ರಾಕ್ಷಿ ರಸ ತಂದಿಟ್ಟಳು. ಕಾಶಪ್ಪ ಅದನ್ನು ಹಾವಿನಂತೆ ನೋಡಿದ.

"ಯಾವಾಗಿಂದಿದು?"

"ಈಗ ಹಿಂಡೀನ್ರಿ. ಹುಳಿ ಬರಾಕ ಅದಕ್ಕ ಪುರಸೊತ್ತೇ ಇಲ್ಲ."

ಕಾಶಪ್ಪ ಆದರೂ ಮುಟ್ಟಲಿಲ್ಲ. ಅತ್ತ ಬಳ್ಳಿಯ ಮರೆಯಲ್ಲಿ ಅಂದಾನಪ್ಪ ಗುರುಲಿಂಗವ್ವನನ್ನು ಮೆಲ್ಲಗೆ ಕೇಳಿದ, "ಮಾರಂಗಿಲ್ಲ ಅಂದ್ಬಿಡ್ಲೇನು?" ಅವನ ಕಣ್ಣು ಅವಳ ಮುಖದ ಮೇಲೇ ಇತ್ತು. ಹೂಂ ಅಂದರೆ ಸಾಕಿತ್ತು, ಎಲ್ಲ ಸುಲಭವಾಗುತ್ತಿತ್ತು.

"ಸುಳ್ಳು ಹೇಳಿ ನನ್ನ ಕರ್ಕೊಂಡ್ರ ದಿನಾ ಸುಳ್ಳು ಹೇಳಬೇಕಾಗ್ತದ. ಖರೆ ಹೇಳ್ರಿ."

ಅವನು ಹೋಗಿ ಕಾಶಪ್ಪನ ಮುಂದೆ ನಿಂತ. "ಅರ್ಧ ಹಣ್ಣು ಅವ್ರಿಗೇ ಕೊಡ್ತೇನ್ರಿ ಸಾವ್ಕಾರ್ರ. ಇಷ್ಟೂ ಒಣಗಿಸಾಕ ನನ್ನ ಕಡೆ ಜಾಗಾ ಇಲ್ಲ. ಆದ್ರ ನಮ್ಮ ಮನಿಯೊಳಗ ಒಂದು ಹನಿ ಬರಂಗಿಲ್ಲ."

"ಹಂಗಾದ್ರ ಮುಗೀತು. ನಡಿ ಮಗಳ."

"ಅಪ್ಪಾ, ನಮ್ಮ ಕರದಂಟಿಗೆ ದ್ರಾಕ್ಷಿ ಎಲ್ಲಿಂದ ಬರ್ತಾವು?"

"ಸಾಂಗ್ಲಿಯಿಂದ."

"ಆ ತೋಟದಾವ್ರು ಉಳಿದ ಹಣ್ಣು ಯಾರಿಗೆ ಕೊಡ್ತಾರಂತ ಎಂದಾದ್ರೂ ಕೇಳೀಯೇನು?"

"ಅವ್ರಿಗೆ ನಾ ಮಗಳ್ನ ಕೊಡಾಕತ್ತಿಲ್ಲ."

ಮೊಂಡು ಮಗಳಿಗೆ ತಕ್ಕ ಅಪ್ಪ. ಮಾತು ಇಲ್ಲಿಗೇ ಸೋತಿತು ಎಂದು ಅವಳಿಗೂ ತಿಳಿಯಿತು. ಸೀದಾ ಹೋಗಿ ಸಂಗವ್ವನ ಮುಂದೆ ನೆಲದ ಮೇಲೆ ಕೂತು, ಎರಡೂ ಕೈಯಿಂದ ಸೆರಗು ಒಡ್ಡಿದಳು.

"ಅತ್ತಿ, ಉಡಿ ತುಂಬ್ರಿ."

ಗಂಡಿನ ತಾಯಿ ಉಡಿ ತುಂಬಿದರೆ ಹೆಣ್ಣು ನಿಶ್ಚಯವಾದಂತೆ. ಒಡ್ಡಿದ ಉಡಿಯನ್ನು ಬರಿದೇ ಮಡಚಬಾರದು, ತವರಿಗೆ ಕೇಡು ಅನ್ನುತ್ತಾರೆ. ಆದರೆ ತಾನಾಗಿ ಒಡ್ಡಿ ಕೂತ ಹುಡುಗಿಯನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

"ತಂಗಿ, ಇಲ್ಲಿ ಅಕ್ಕಿ ಇಲ್ಲ, ಕೊಬ್ರಿ ಇಲ್ಲ," ಎಂದಳು ಸಂಗವ್ವ ಗಾಬರಿಯಿಂದ.

"ಹಣ್ಣು ಅದಾವಲ್ರಿ."

ಅಂದಾನಪ್ಪ ಗೊಂಚಲು ಕೊಯ್ದು ತಾಯಿಯ ಕೈಗೆ ಕೊಟ್ಟ. ಸಂಗವ್ವ ಅವನ್ನು ಹಿಡಿದುಕೊಂಡಳು, ಹಾಕಲಿಲ್ಲ. "ಹೆಣ್ಣಿನ ತಂದಿ ಹೂಂ ಅನ್ನದ ನಾ ಹೆಂಗ ತುಂಬ್ಲಿ?"

ಕಾಶಪ್ಪ ಬದುವಿನವರೆಗೆ ನಡೆದುಹೋದ. ಗುರುಲಿಂಗವ್ವನಿಗೆ ನಿಜಕ್ಕೂ ಭಯವಾಯಿತು. ಅಪ್ಪ ಹಾಗೇ ಹೊರಟುಬಿಟ್ಟರೆ ಈ ಸೆರಗನ್ನು ಜನ್ಮದಲ್ಲಿ ಮಡಚಲಾರಳು. ತೋಳು ಜುಮುಗುಡುತ್ತಿದ್ದವು, ಆದರೂ ಇಳಿಸಲಿಲ್ಲ.

ಕಾಶಪ್ಪ ತಿರುಗಿ ಬಂದ. ರುಮಾಲು ತೆಗೆದು ಮುಖ ಒರೆಸಿಕೊಂಡ, ಮತ್ತೆ ಸುತ್ತಿಕೊಂಡ.

"ಅಪ್ಪಾ, ಕೈ ಸೋತಾವು. ಆದ್ರ ಇಳಸಂಗಿಲ್ಲ."

"ಗೊತ್ತೈತಿ. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲೇನು," ಎಂದು ಗದರಿದ. ಆಮೇಲೆ ಸಂಗವ್ವನ ಕಡೆ ನೋಡಿ,

"ತುಂಬ್ರಿ, ಬೀಗತಿಯವ್ರ," ಎಂದ.