ಐವತ್ತೆರಡು ಡಿಗ್ರಿ

ಅಪ್ಪ ಸಾಯುವ ಮುಂಚೆ ದೋಣಿ ರಿಪೇರಿ ಶೆಡ್ಡನ್ನೂ ಹಾಯಿದೋಣಿಯನ್ನೂ ಅಣ್ಣನ ಹೆಸರಿಗೆ ಬರೆದಿಟ್ಟ. ತಮ್ಮನಿಗೆ ಉಳಿದದ್ದು ಗ್ರೀಸ್ ಡಬ್ಬಿ. ಹನ್ನೆರಡು ವರ್ಷದಿಂದ ಅವನು ಕೈ ಮಸಿ ಮಾಡಿಕೊಂಡು ಆ ದೋಣಿಯ ಚುಕ್ಕಾಣಿಗೆ ಎಣ್ಣೆ ಬಿಡುತ್ತಿದ್ದ. ಅಣ್ಣ ಬಿಳಿ ಟೋಪಿ ಹಾಕಿಕೊಂಡು, ಚುಕ್ಕಾಣಿ ತಿರುಗಿಸುವ ಚಕ್ರ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ. ಚುಕ್ಕಾಣಿಯ ಸರಪಳಿ ಎಲ್ಲಿದೆ ಎಂದರೆ ಲಂಗರಿನ ಸರಪಳಿ ತೋರಿಸುವ ಆಸಾಮಿ!

ಅಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ಅವನು ಹೋದರೆ ಶೆಡ್ಡು ಇನ್ನಾರಿಗೆ?

ಅಣ್ಣನ ದಡ್ಡತನಕ್ಕೆ ದಿನಾ ಬೆಳಿಗ್ಗೆ ಸಾಕ್ಷಿ ಸಿಗುತ್ತಿತ್ತು. ಅಣ್ಣ ಕಾಫಿ ಲೋಟ ಹಿಡಿದು ದೋಣಿ ಹತ್ತುವನು, ಚಕ್ರದ ಕಂಬದ ತಲೆಯ ಮೇಲಿದ್ದ ದಿಕ್ಸೂಚಿಯತ್ತ ಬಗ್ಗುವನು, "ಇವತ್ತೂ ನಲವತ್ತೇ ಕಣೋ!" ಎಂದು ಕೂಗುವನು. ಹಿಂದೆ ಮುಂದೆ ಹಗ್ಗ ಬಿಗಿದು ಕಟ್ಟಿದ ದೋಣಿ ನಲವತ್ತು ಡಿಗ್ರಿ ತೋರಿಸದೆ ನಾಲ್ಕುನೂರು ತೋರಿಸುತ್ತದೆಯೇ? "ಒಳ್ಳೇದಾಯ್ತು ಬಿಡಣ್ಣ" ಎಂದು ತಮ್ಮ ಹಲ್ಲು ಕಿರಿಯುತ್ತಿದ್ದ.

ಶನಿವಾರ ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ ತಮ್ಮ ಕೆಲಸಕ್ಕೆ ಕೂತ. ದಿಕ್ಸೂಚಿ ಬಿಚ್ಚಿ, ಗಾಜಿಗೆ ಗೀರು ಬೀಳದ ಹಾಗೆ ಬಟ್ಟೆಯ ಮೇಲಿಟ್ಟ. ಕಂಬದೊಳಗಿನ ಸರಪಳಿಗೆ, ಕೆಳಗಿನ ರಾಟೆಗಳಿಗೆ ಶಿಸ್ತಾಗಿ ಎಣ್ಣೆ ಬಿಟ್ಟ. ಆಮೇಲೆ ಸರಪಳಿಯನ್ನು ತಂತಿಹಗ್ಗಕ್ಕೆ ಸೇರಿಸುವ, ತುಕ್ಕು ಹಿಡಿಯದ ಸ್ಟೀಲ್ ಪಿನ್ನು ತೆಗೆದು, ಅರ್ಧ ಕೊಯ್ದ ಕಬ್ಬಿಣದ ಪಿನ್ನು ಕೂರಿಸಿದ. ಬೆರಳು ಹೋಗದ ಜಾಗ. ಸ್ಟೀಲಿನದು ಅಯಸ್ಕಾಂತದ ಕಡ್ಡಿಗೆ ಅಂಟದೆ ಸತಾಯಿಸಿತ್ತು; ಇದು ಮುದ್ದಾಗಿ ಅಂಟಿಕೊಂಡು ಒಳಗೆ ಹೋಯಿತು. ಮೆಲ್ಲಗೆ ಸಾಗಿದರೆ ತಡೆಯುತ್ತದೆ. ಭಾನುವಾರದ ಹಾಯಿದೋಣಿ ಸ್ಪರ್ಧೆಯಲ್ಲಿ ಅಣ್ಣ ಬಂಡೆಯ ಪಕ್ಕ ಚಕ್ರವನ್ನು ಜೋರಾಗಿ ತಿರುಗಿಸಿದರೆ ಪಿನ್ನು ಮುರಿಯುತ್ತದೆ. ದೋಣಿ ಚೂರು, ಪಿನ್ನು ಸಮುದ್ರದ ಪಾಲು, ಈಜು ಬಾರದ ಅಣ್ಣನೂ ಅಷ್ಟೆ. ತಮ್ಮ ದಿಕ್ಸೂಚಿಯನ್ನು ಒರೆಸಿ, ಮತ್ತೆ ಕಂಬಕ್ಕೆ ಬಿಗಿದು, ಸಿಳ್ಳೆ ಹಾಕುತ್ತಾ ಮನೆಗೆ ಹೋದ. ಅಂಥ ಸುಖನಿದ್ದೆ ಅವನಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಣ್ಣನನ್ನು ನಗುನಗುತ್ತಾ ಬೀಳ್ಕೊಡಲು ಬೇಗನೇ ಬಂದ. ಅಣ್ಣ ದೋಣಿಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಬಂದರಿನ ಪೊಲೀಸಿನವನು ನಿಂತಿದ್ದ. ಮುಟ್ಟದ ಕಾಫಿ ಆರಿಹೋಗಿತ್ತು.

"ಇವತ್ತು ಐವತ್ತೆರಡು ಕಣೋ," ಎಂದ ಅಣ್ಣ, ಈ ಸಲ ಕೂಗದೆ. "ದೋಣಿ ಅಲ್ಲಾಡಿಲ್ಲ, ಮುಳ್ಳು ಮಾತ್ರ ತಿರುಗಿದೆ. ಹತ್ತಿರ ಕಬ್ಬಿಣ ಇದ್ರೆ ಹಾಗಾಗುತ್ತೆ, ದಿನಾ ನೋಡ್ಕೋ ಅಂತ ಅಪ್ಪ ಹೇಳ್ತಿದ್ರು. ಅದಕ್ಕೇ ಕಂಬ ಬಿಚ್ಚಿದೆ." ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರಿನ ತುದಿಗೆ ಅರ್ಧ ಕೊಯ್ದ ಪಿನ್ನು ಅಂಟಿಕೊಂಡಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಣ್ಣನ ಬೆರಳುಗಳಿಗೆ ಗ್ರೀಸ್ ಮೆತ್ತಿತ್ತು.