ಹಳ್ಳದ ಗೇಟು

ಒಂಬತ್ತು ಕಡಸುಗಳೂ ಹೊಸ ಬೇಲಿಯ ಒಳಗೇ ನಿಂತಿದ್ದವು. ಒಂದರ ಬಾಯಿಂದ ಫ್ಲಾಕ್ಸ್ ಸಸಿಯ ಉದ್ದನೆ ಪಟ್ಟಿಯಂಥ ಎಲೆ ನೇತಾಡುತ್ತಿತ್ತು.

ಮರಾಮಾ ಕೂಗಾಡಿ ಅವನ್ನು ಹೊರಗೆ ಓಡಿಸಿ ಗೇಟು ಹಾಕಿದಳು. ಹಾಕಿ ಏನು ಬಂತು? ಹಳ್ಳದ ದಂಡೆಯ ಅರ್ಧಕ್ಕರ್ಧ ಸಸಿ ಹೊಟ್ಟೆ ಸೇರಿಯಾಗಿತ್ತು.

ಈ ಬೇಲಿಗಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ತಾರಾನಕಿ ಬೆಟ್ಟದಿಂದ ಇಳಿದು ಬರುವ ಹಳ್ಳದ ನೀರನ್ನು ಸ್ಕೂಲಿನವರು ಟೆಸ್ಟ್ ಮಾಡಿದ್ದರು. ಉದ್ದನೆಯ ಕೊಳವೆಗೆ ನೀರು ತುಂಬಿ, ಒಳಗಿನ ಕಪ್ಪು ಬಿಲ್ಲೆ ಕಾಣುತ್ತದಾ ಅಂತ ನೋಡುವುದು. ಮರಾಮಾಳ ಫಾರ್ಮಿಗಿಂತ ಮೇಲೆ ತುಂಬಿದ ನೀರಲ್ಲಿ ಬಿಲ್ಲೆ ಚೆನ್ನಾಗಿ ಕಂಡಿತು. ಫಾರ್ಮ್ ದಾಟಿದ ಮೇಲೆ ಕಾಣಲೇ ಇಲ್ಲ.

“ನಿಮ್ಮ ಹಸುಗಳು ನಮಗೆ ಚಾಕೊಲೇಟ್ ಹಾಲು ಕಳಿಸ್ತಾವೆ,” ಅಂದಿದ್ದ ಕೆಳಗಿನ ಫಾರ್ಮಿನ ಕೀಗನ್. ಇಡೀ ಕ್ಲಾಸ್ ನಕ್ಕಿತ್ತು.

ಹಸುಗಳು ಹಳ್ಳಕ್ಕೆ ಇಳಿಯದಂತೆ ಬೇಲಿ ಹಾಕು ಅಂತ ಆಮೇಲೆ ಒಂದು ತಿಂಗಳು ಅವಳು ಅಪ್ಪನ ತಲೆ ತಿಂದಳು. ಇಷ್ಟು ಸಣ್ಣ ಹಳ್ಳಕ್ಕೆ ಬೇಲಿ ಹಾಕಬೇಕೆಂದು ಯಾವ ಕಾನೂನೂ ಇಲ್ಲ, ಒಳ್ಳೆ ಹುಲ್ಲು ದಂಡ ಅಂತ ಅವನು ಗೊಣಗಿದ. ಗೊಣಗುತ್ತಲೇ ಹಾಕಿದ. ದಂಡೆಯ ಮಣ್ಣು ಕೊಚ್ಚಿಹೋಗದಂತೆ ಕ್ಲಾಸಿನವರೆಲ್ಲ ಬಂದು ಸಸಿ ನೆಟ್ಟರು.

“ಈ ಚಳಿಗಾಲ ನೋಡ್ತೀನಿ. ಸಸಿ ಉಳೀಲಿಲ್ಲ ಅಂದ್ರೆ ಬೇಲಿ ಕಿತ್ತುಹಾಕ್ತೀನಿ,” ಅಂದಿದ್ದ ಅಪ್ಪ.

ನಿನ್ನೆ ಸಂಜೆ ಅವಳು ಬಂದಾಗ ಗೇಟು ತೆರೆದೇ ಇತ್ತು. ಫಾರ್ಮಿನಲ್ಲಿ ಗೇಟು ಹೇಗಿತ್ತೋ ಹಾಗೇ ಬಿಡಬೇಕು ಅನ್ನುವುದು ನಡೆಯಲು ಕಲಿತಾಗಿನಿಂದ ಕೇಳಿದ ಮಾತು. ಹಾಗೇ ಬಿಟ್ಟು ಮನೆಗೆ ಹೋದಳು. ಅಯ್ಯೋ, ಎಂಥಾ ಜಾಣೆ!

ಅಪ್ಪ ಹಾಲು ಕರೆಯುವ ಶೆಡ್ಡು ತೊಳೆಯುತ್ತಿದ್ದ. ಮರಾಮಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಪೈಪಿನ ನೀರು ನಿಲ್ಲಿಸಿದ. ಬೇಲಿಯ ಕತೆ ಮುಗಿಯಿತು ಅಂದುಕೊಂಡಳು ಅವಳು.

“ಗೇಟು ತೆರೆದು ಬಿಟ್ಟವನು ನಾನೇ ಪುಟ್ಟಿ.”

“ನೀನಾ? ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?”

ಅಪ್ಪ ತನ್ನ ಬೂಟು ನೋಡಿಕೊಂಡ. “ಸಸಿ ಬುಡದಲ್ಲಿ ಕಳೆ ಬೆಳೆದಿತ್ತು. ದಿನಾ ಒಂದಷ್ಟು ಕೀಳ್ತಿದ್ದೆ. ನಿನ್ನೆ ಹಸು ಈಯ್ತಾ ಇದೆ ಅಂತ ನಿಮ್ಮಮ್ಮ ಫೋನ್ ಮಾಡಿದ್ಲು. ಹಾಗೇ ಓಡಿಬಿಟ್ಟೆ.”

ದಿನಾ! ಗೊಣಗುತ್ತಲೇ ಬೇಲಿ ಹಾಕಿದ ಅಪ್ಪ!

ಮಧ್ಯಾಹ್ನ ಅಜ್ಜಿಯ ಮನೆ ಹಿತ್ತಿಲಿನ ಫ್ಲಾಕ್ಸ್ ಮೆಳೆಯನ್ನು ಸೀಳಿ ತಂದು ಇಬ್ಬರೂ ನೆಟ್ಟರು. ನಾನು ಗೇಟು ಮರೆತದ್ದು ಕೀಗನ್‌ಗೆ ಮಾತ್ರ ಹೇಳಬೇಡ ಅಂದ ಅಪ್ಪ. ಕತ್ತಲಾಗುವಷ್ಟರಲ್ಲಿ ಅವಳ ಬೆನ್ನು ಬಿದ್ದುಹೋಗಿತ್ತು.

ಹೊರಡುವಾಗ ಅಪ್ಪ ಗೇಟು ಹಾಕಿ ಸರಪಳಿ ಸಿಕ್ಕಿಸಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಸರಪಳಿ ಎಳೆದು ನೋಡಿದ.

ಬೇಲಿ ಎಲ್ಲಿಗೂ ಹೋಗುವುದಿಲ್ಲ ಅಂತ ಮರಾಮಾಳಿಗೆ ಆಗ ಗೊತ್ತಾಯಿತು. ಅವನ ಕೆಸರು ಮೆತ್ತಿದ ಕೈ ಹಿಡಿದುಕೊಂಡಳು.